ನಮ್ಮ ಟೆಂಪರರಿ ಸಂಗೀತ

ಯಾರೂ ಕೇಳಿರದ ಸಂಗೀತವನ್ನು ಹೊತ್ತುಕೊಂಡು ನಾಲ್ಕು ಜನ ಊರೂರು ತಿರುಗಿದರೆ ಫಜೀತಿಗಳನ್ನು ಹುಡುಕಬೇಕಾಗಿಲ್ಲ. ಅವೇ ಎದುರು ಬಂದು ನಿಲ್ಲುತ್ತವೆ. ಅರವತ್ತರ ದಶಕದಲ್ಲಿ ಉಡುಪಿಯಲ್ಲಿ ನಮ್ಮದೊಂದು ಅಂಥ ತಂಡವಿತ್ತು. ಚರ್ಚಿನಲ್ಲಿ ಹಾಡು ಕಲಿಸುವ ಮಾಸ್ಟರರದು ಮೊದಲ ಪಿಟೀಲು. ಅಂಚೆ ಗುಮಾಸ್ತನಾದ ನನ್ನದು ಎರಡನೆಯದು. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲ ಒಬ್ಬರು ಟೀಚರಮ್ಮನದು. ಮಣಿಪಾಲದ ಡಾಕ್ಟರು ಎದೆಯೆತ್ತರದ ಚೆಲ್ಲೊವನ್ನು ತಬ್ಬಿಕೊಂಡು ಕೂರುತ್ತಿದ್ದರು. ನುಡಿಸುತ್ತಿದ್ದದ್ದೆಲ್ಲ ಮಾಸ್ಟರರೇ ಬರೆದ ಹೊಸ ಕೃತಿಗಳು.

"ಸತ್ತವರದ್ದನ್ನು ಎಲ್ಲರೂ ನುಡಿಸುತ್ತಾರೆ. ಬದುಕಿದವ ನಾನೊಬ್ಬ ಇದ್ದೇನಲ್ಲ ಮಾರಾಯಾ!" ಎನ್ನುತ್ತಿದ್ದರು.

ಕಾರ್ಕಳದ ಸ್ವಾಗತ

ಕಾರ್ಕಳದ ಶಾಲೆಯೊಂದರಲ್ಲಿ ನಮ್ಮ ಕಛೇರಿ. ಸ್ವಾಗತಕ್ಕೆ ನಿಂತ ಹೆಡ್‌ಮಾಸ್ಟರರು, "ನಿಮ್ಮದು ಎಂತ ಸಂಗೀತ?" ಎಂದು ಪಿಸುಗುಟ್ಟಿದರು. "ಕಾಂಟೆಂಪರರಿ" ಎಂದರು ಡಾಕ್ಟರು.

ಹೆಡ್‌ಮಾಸ್ಟರರು ಸಭೆಯತ್ತ ತಿರುಗಿದರು. "ಇವರದು ಟೆಂಪರರಿ ಸಂಗೀತವಂತೆ. ಬೇಸರ ಬೇಡ. ನಾನೂ ಆರು ವರ್ಷ ಟೆಂಪರರಿ ಇದ್ದವನೇ. ದೇವರು ದೊಡ್ಡವನು, ಬೇಗ ಪರ್ಮನೆಂಟ್ ಆಗಲಿ!"

ಆ ಮಾತಿಗೆ ಬಿದ್ದಷ್ಟು ಚಪ್ಪಾಳೆ ನಮ್ಮ ಸಂಗೀತಕ್ಕೆ ಎಂದೂ ಬೀಳಲಿಲ್ಲ.

ಕಾಪುವಿನಲ್ಲಿ ಮೌನ

ಮಾಸ್ಟರರ ಒಂದು ಕೃತಿಯ ನಡುವೆ ಅರ್ಧ ನಿಮಿಷ ಮೌನ ಇತ್ತು. ನಾಲ್ವರೂ ಕಮಾನನ್ನು ಗಾಳಿಯಲ್ಲಿ ಹಿಡಿದು ಅಲುಗಾಡದೆ ಕೂರಬೇಕು. ಕಾಪುವಿನಲ್ಲಿ ಹಾಗೆ ಕೂತಿದ್ದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದರು. ತಂಬಿಗೆ ಹಿಡಿದು ನೇರ ವೇದಿಕೆಗೇ ಬಂದರು.

"ಮರೆತುಹೋಯಿತಾ ಮಗಾ? ಹೆದರಬೇಡ. ಒಂದು ಗುಟುಕು ನೀರು ಕುಡಿ, ನೆನಪಾಗುತ್ತದೆ."

ಮಾಸ್ಟರರು ಕಮಾನು ಕೆಳಗಿಟ್ಟು ಕುಡಿದರು. ನಾವೂ ಕುಡಿದೆವು. ಮತ್ತೆ ನುಡಿಸತೊಡಗಿದಾಗ ಅಜ್ಜಿ ಸಭೆಗೆಲ್ಲ ಕೇಳುವಂತೆ, "ನಾನು ಹೇಳಿರಲಿಲ್ಲವಾ?" ಎಂದರು.

ಔಷಧಿ

ಒಮ್ಮೆ ಮಾಸ್ಟರರಿಗೆ ಮಣಿಪಾಲದಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಗಾಯ ಒಣಗುತ್ತಾ ಬಂತು, ಆದರೆ ಅವರು ಗೋಡೆಗೆ ಮುಖಮಾಡಿ ಮಲಗಿದವರು ನಾಲ್ಕು ದಿನ ಮಾತಾಡಲಿಲ್ಲ. ಗಂಜಿಯನ್ನೂ ಮುಟ್ಟಲಿಲ್ಲ. ಅವರ ಹೆಂಡತಿ ಮಂಚದ ಪಕ್ಕ ಜಪಮಾಲೆ ಹಿಡಿದು ಸದ್ದಿಲ್ಲದೆ ಅಳುತ್ತಿದ್ದರು.

"ಇನ್ನು ನನ್ನ ಕೈಯಲ್ಲಿ ಇಲ್ಲ. ಅವರ ಹೊಸ ಕೃತಿ ನುಡಿಸಿ ನೋಡುವ" ಎಂದರು ಡಾಕ್ಟರು.

ಉಳಿದ ಮೂವರೂ ವಾರ್ಡಿನ ಬಾಗಿಲಲ್ಲಿ ಕೂತೆವು. ಮಾಸ್ಟರರ ಭಾಗ ನನ್ನ ಪಾಲಿಗೆ ಬಂತು. ಗೋಡೆಯತ್ತ ತಿರುಗಿದ ಆ ಬೆನ್ನು ನೋಡಿ ನನ್ನ ಕಣ್ಣು ಮಂಜಾಯಿತು, ಬೆರಳು ಜಾರಿ ಸ್ವರ ತಪ್ಪಿತು.

"ಫಾ ಶಾರ್ಪ್! ಶಾರ್ಪ್, ಕತ್ತೆ!"

ಮಾಸ್ಟರರು ಎದ್ದು ಕೂತಿದ್ದರು. ಕೈಯಲ್ಲಿ ತಾಳ ಬೇರೆ! "ಮೊದಲಿಂದ ನುಡಿಸು. ಗಂಜಿ ಎಲ್ಲಿ? ಹಸಿದ ಹೊಟ್ಟೆಯಲ್ಲಿ ಇದನ್ನು ಕೇಳಲು ಸಾಧ್ಯ ಉಂಟಾ?"

ಅವರ ಹೆಂಡತಿ ಕಣ್ಣೊರೆಸಿಕೊಂಡು ಡಾಕ್ಟರತ್ತ ತಿರುಗಿದರು.

"ಡಾಕ್ಟರೇ, ಚೀಟಿಯಲ್ಲಿ ಬರೆದುಬಿಡಿ. ಈ ಪಿಟೀಲಿನವರು ದಿನಕ್ಕೆ ಮೂರು ಸಲ ಬಂದು ತಪ್ಪು ಬಾರಿಸಲಿ, ಊಟಕ್ಕೆ ಮೊದಲು!"