ನನ್ನ ತೊಡೆಯ ಮೇಲೆ ಕುಳಿತು ನಕ್ಷತ್ರ ಹಂಚುವವರಿಗೆ

ಮಾನ್ಯ ಬೆಕ್ಕಿನವರೇ,

ನನ್ನ ತೊಡೆಯ ಮೇಲೆ ಸುರುಳಿ ಸುತ್ತಿಕೊಂಡು ವಿರಾಜಮಾನರಾಗಿರುವ ತಮಗೆ, ಆ ತೊಡೆಯ ಮಾಲೀಕನೂ ವಾರಪತ್ರಿಕೆಯೊಂದರ ಸಿನಿಮಾ ವಿಮರ್ಶಕನೂ ಆದ ನನ್ನ ಸಾದರ ನಮಸ್ಕಾರಗಳು. ತಮ್ಮ ಮೀಸೆ, ಬಾಲ, ಹಸಿವು ಎಲ್ಲವೂ ಕ್ಷೇಮವೆಂದು ಕಣ್ಣಾರೆ ಕಾಣುತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಚಪ್ಪಡಿ ಕಲ್ಲನ್ನು ಮೈಮೇಲೆ ಎಳೆದುಕೊಂಡವನು ನಾನೇ, ಒಪ್ಪುತ್ತೇನೆ. ನಾಯಕನೊಬ್ಬ ತಲೆಗೂದಲು ಕೆದರದಂತೆ ಇಡೀ ಬಂದರಿನ ಗೂಂಡಾಗಳಿಗೆ ಮಣ್ಣು ಮುಕ್ಕಿಸುವ ಚಿತ್ರದ ಬಗ್ಗೆ ಬರೆಯುವಾಗ, ಬೇರೇನೂ ತೋಚದೆ, ‘ನಮ್ಮ ಮನೆಯ ಬೆಕ್ಕು ಕೂಡ ಅರ್ಧಕ್ಕೇ ಎದ್ದು ಹೋಯಿತು’ ಎಂದು ಬರೆದುಬಿಟ್ಟೆ. ಅಷ್ಟೇ ನೋಡಿ! ಮರುವಾರದಿಂದ ಓದುಗರೆಲ್ಲ ಕೇಳುವುದು ಒಂದೇ: ವಿಮರ್ಶಕರ ಕೊರೆತ ಹಾಗಿರಲಿ, ಈ ವಾರ ಬೆಕ್ಕು ಏನು ಮಾಡಿತು? ಗಾಳಿ ಬಂದ ಕಡೆ ತೂರಿಕೊಳ್ಳುವುದರಲ್ಲಿ ನಿಪುಣರಾದ ನಮ್ಮ ಸಂಪಾದಕರು ನಕ್ಷತ್ರ ಕೊಡುವ ಅಧಿಕಾರವನ್ನು ತಮಗೇ ವಹಿಸಿಬಿಟ್ಟರು.

ಈಗ ತಾವು ಕೊನೆಯವರೆಗೂ ಗೊರಕೆ ಹೊಡೆದರೆ ಚಿತ್ರಕ್ಕೆ ಐದು ನಕ್ಷತ್ರ, ನಡುವೆ ಕಿಟಕಿಯ ಬಳಿಗೆ ಹೋಗಿ ಮೈ ನೆಕ್ಕಿಕೊಂಡರೆ ಎರಡು, ಕಿಟಕಿಯಿಂದಲೇ ಹಾರಿದರೆ ನಿರ್ಮಾಪಕ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ದೆವ್ವವೊಂದು ಬಾಡಿಗೆ ಮನೆ ಹುಡುಕುತ್ತ ಅಲೆಯುವ ಚಿತ್ರ ನನಗೆ ತಲೆನೋವು ತರಿಸಿತು. ತಾವು ಮೈಮರೆತು ಮಲಗಿದಿರಿ, ಅದು ‘ವರ್ಷದ ಶ್ರೇಷ್ಠ ಚಿತ್ರ’ವಾಯಿತು. ಮೊನ್ನೆ ಒಬ್ಬ ನಿರ್ದೇಶಕರು ತಮ್ಮ ಪ್ರೇಮಕಥೆಯ ಜೊತೆಗೆ ಹುರಿದ ಮೀನನ್ನೂ ಕಳುಹಿಸಿದ್ದರು. ತಾವು ಮೀನನ್ನು ಮುಳ್ಳಿನವರೆಗೆ ಮುಗಿಸಿ, ಚಿತ್ರದ ಹೆಸರು ತೆರೆಗೆ ಬರುವ ಮೊದಲೇ ಹೊರಟುಹೋದಿರಿ. ಅಬ್ಬಾ, ಎಂಥ ನಿಷ್ಪಕ್ಷಪಾತ! ನಾನಾಗಿದ್ದರೆ ಮುಲಾಜಿಗಾದರೂ ಮಧ್ಯಂತರದವರೆಗೆ ಕೂರುತ್ತಿದ್ದೆ.

ಆದರೆ ಆ ದೀಪಸ್ತಂಭದ ಚಿತ್ರಕ್ಕೆ ತಾವು ಮಾಡಿದ್ದು ಸರಿಯೇ? ಮುದಿ ಕಾವಲುಗಾರ, ಇನ್ನು ಯಾವ ಹಡಗೂ ಬರುವುದಿಲ್ಲವೆಂದು ಗೊತ್ತಿದ್ದೂ, ದೀಪದ ಗಾಜನ್ನು ಒರೆಸುತ್ತಾನೆ. ನಾನೂ ಕನ್ನಡಕ ತೆಗೆದು ಗಾಜು ಒರೆಸಿಕೊಂಡೆ. ಸರಿಯಾಗಿ ಅದೇ ಹೊತ್ತಿಗೆ ತಾವು ಆಕಳಿಸಿ ಎದ್ದಿರಿ. ತಮ್ಮನ್ನು ಹಿಡಿದು ಕೂರಿಸಹೋದ ನನ್ನ ಮುಂಗೈ ಮೇಲೆ ನಾಲ್ಕು ಗೀರುಗಳು ಮೂಡಿದವು. ಅವನ್ನು ಕಂಡ ಸಂಪಾದಕರು, ತಾವು ಅಭಿಪ್ರಾಯ ಬದಲಿಸಿರಬೇಕೆಂದು ಭಾವಿಸಿ, ಗೀರಿಗೊಂದರಂತೆ ನಾಲ್ಕು ನಕ್ಷತ್ರ ಅಚ್ಚು ಹಾಕಿಸಿದರು.

ಆದ್ದರಿಂದ ನನ್ನ ವಿನಂತಿ ಇಷ್ಟು. ತಾವು ಎದ್ದು ಹೋಗುವಾಗ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಪೆನ್ನು ಹಿಡಿಯಲು ಕಷ್ಟವಾದರೆ ಬಾಲದಿಂದ ಸೂಚಿಸಿದರೂ ಆದೀತು. ಛಾಯಾಗ್ರಹಣ, ಸಂಕಲನಗಳ ಬಗ್ಗೆ ಬೇರೆ ಬೇರೆಯಾಗಿ ಆಕಳಿಸುವ ಕೃಪೆ ಮಾಡಬೇಕು. ನೊಣ ಹಿಡಿಯಲು ಎದ್ದದ್ದನ್ನು ವಿಮರ್ಶೆಯೆಂದು ಪರಿಗಣಿಸಬಾರದೆಂದು ಸಂಪಾದಕರಿಗೆ ತಾವೇ ಒಂದು ಮಾತು ಹೇಳಬೇಕು.

ಇದೆಲ್ಲ ಹೋಗಲಿ. ಮೊದಲೆಲ್ಲ ನಾನು ಸಿನಿಮಾ ನೋಡಿ ಮನೆಗೆ ಬಂದರೆ ನನ್ನ ಹೆಂಡತಿ ‘ಹೇಗಿತ್ರೀ?’ ಎಂದು ಕೇಳುತ್ತಿದ್ದಳು. ನಾನು ಹಿಂದುಮುಂದಾಗಿ ಕಥೆ ಹೇಳುತ್ತಿದ್ದರೆ, ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡು, ನಾಯಕಿ ಸಾಯುವಲ್ಲಿ ಆ ಚಿತ್ರವನ್ನು ನೋಡಿಯೇ ಇಲ್ಲದ ಅವಳು ಕಣ್ಣೀರು ಹಾಕುತ್ತಿದ್ದಳು. ಈಗ ನಾನು ತಮ್ಮೊಂದಿಗೆ ಮನೆಯಲ್ಲೇ ಚಿತ್ರ ನೋಡುವುದರಿಂದ, ಕೋಣೆಯ ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ ತೊಡೆ ನೋಡುತ್ತಾಳೆ. ತೊಡೆ ಖಾಲಿಯಿದ್ದರೆ ‘ಬೆಕ್ಕೇ ಎದ್ದು ಹೋಯ್ತಲ್ಲ, ಇನ್ನೇನಿದೆ ಅದ್ರಲ್ಲಿ’ ಎಂದು ಹೋಗಿಬಿಡುತ್ತಾಳೆ. ಸಂಕಟವಾಗುತ್ತದೆ, ಬೆಕ್ಕಿನವರೇ. ನಕ್ಷತ್ರಗಳನ್ನೆಲ್ಲ ತಾವೇ ಇಟ್ಟುಕೊಳ್ಳಿ. ಆ ‘ಹೇಗಿತ್ರೀ’ ಒಂದನ್ನು ಮಾತ್ರ ನನಗೆ ವಾಪಸು ಕೊಡಿಸಿ.

ಕಾಲು ಜೋಮು ಹಿಡಿದರೂ ಅಲುಗಾಡದೆ ಕುಳಿತಿರುವ
ತಮ್ಮ ವಿಶ್ವಾಸಿ,
(ಸದ್ಯಕ್ಕೆ) ಸಿನಿಮಾ ವಿಮರ್ಶಕ

ಮರೆತ ಮಾತು: ಈ ಪತ್ರವನ್ನು ತಮಗೆ ಗಟ್ಟಿಯಾಗಿ ಓದಿ ಹೇಳಿದೆ. ನೊಣದ ಮಾತು ಬರುವವರೆಗೂ ಕುಳಿತಿದ್ದು, ‘ಇದೆಲ್ಲ ಹೋಗಲಿ’ ಎನ್ನುತ್ತಿದ್ದಂತೆ ತಾವೂ ಹೋದಿರಿ. ನನ್ನ ಹೆಂಡತಿ ಬಂದು ‘ಎಲ್ಲೀವರೆಗೆ ಕೂತಿತ್ತು?’ ಎಂದು ಕೇಳಿ, ಸರಿಯಾಗಿ ಅಲ್ಲಿಯವರೆಗೆ ಓದಿ, ಹೊಟ್ಟೆ ಹುಣ್ಣಾಗುವಂತೆ ನಕ್ಕು, ಹಾಳೆಯನ್ನು ಕೆಳಗಿಟ್ಟು ಹೋದಳು. ಹಾಳೆ ಸೋಫಾದ ಮೇಲೆಯೇ ಇದೆ. ದಯಮಾಡಿ ಬಂದು, ಅವಳು ಓದದೆ ಬಿಟ್ಟ ಆ ಕೊನೆಯ ಪ್ಯಾರಾದ ಮೇಲೆ, ಅವಳಿಗೆ ಕಾಣುವಂತೆ, ಒಂದು ಗಳಿಗೆ ಮಲಗಬೇಕು. ಪಕ್ಕದಲ್ಲೇ ಹುರಿದ ಮೀನು ಇಟ್ಟಿದ್ದೇನೆ.