ಹಾಲಸ್ವಾಮಿಯ ಹುಲಿ, ಹೊಂಬಾಳಮ್ಮನ ಹಸು

ನಯಾಪೈಸೆ ಚಲಾವಣೆಗೆ ಬಂದ ವರ್ಷ ಹಂದನಕೆರೆಯ ನಾಟಕದವರಿಗೆ ಹಾಲಸ್ವಾಮಿ ಒಂದು ಕಾಡಿನ ಪರದೆಯನ್ನು ಬರೆದುಕೊಟ್ಟಿದ್ದ. ಹಗಲು ಬಿಸಿಲಿಗೂ ಇರುಳು ಲಾಂದ್ರದ ಹೊಗೆಗೂ ಕಣ್ಣು ಕೊಟ್ಟು, ಸಿಕ್ಕಿದ್ದನ್ನು ತಿಂದು, ನಿದ್ದೆಯನ್ನು ಮುಂದಿನ ವಾರಕ್ಕೆ ಮುಂದೂಡಿ ಬರೆದ ಪರದೆ ಅದು. ಒಂದು ಕಡೆ ಮೊಣಕಾಲೆತ್ತರದ ಎಳೆಹುಲ್ಲು. ಇನ್ನೊಂದು ಮೂಲೆಯಲ್ಲಿ ಹೊಂಚುಹಾಕಿ ಕುಳಿತ ಹುಲಿ. ನಾಟಕದ ದಿನ ಹುಲಿಯನ್ನು ಕಂಡು ಮುಂದಿನ ಸಾಲಿನ ಮಕ್ಕಳು ತಾಯಂದಿರ ಸೆರಗಿನೊಳಗೆ ಸೇರಿಕೊಂಡವು. ಹುಲ್ಲನ್ನು ಕಂಡು ಅದೇ ಊರಿನ ಹೊಂಬಾಳಮ್ಮನ ಹಸು ಕೆಂದಿ ಹಗ್ಗ ಕಿತ್ತುಕೊಂಡು, ಜನರ ನಡುವೆ ನುಗ್ಗಿ, ರಂಗವನ್ನೇರಿ, ವನವಾಸದ ದುಃಖದಲ್ಲಿದ್ದ ರಾಜನನ್ನು ಕೊಂಬಿನಿಂದ ಪಕ್ಕಕ್ಕೆ ಸರಿಸಿ, ಪರದೆಗೆ ಬಾಯಿ ಹಾಕಿತು!

“ಹಸುವೇ ಮೋಸಹೋದ ಮೇಲೆ ಮನುಷ್ಯರ ಮಾತೇನು ಬಿಡಿ!” ಎಂದು ಹಾಲಸ್ವಾಮಿ ಈ ಕತೆಯನ್ನು ಮುಗಿಸುತ್ತಿದ್ದ. ಇಪ್ಪತ್ತೈದು ವರ್ಷಗಳಿಂದ ಮುಗಿಸುತ್ತಲೇ ಇದ್ದ.

ಸತ್ಯಕ್ಕೆ ಚ್ಯುತಿ ಬಾರದಂತೆ ಹೇಳುವುದಾದರೆ, ಆ ಗಳಿಗೆಯಲ್ಲಿ ಅವನು ಪರದೆಯ ಹಿಂದೆ, ಬಣ್ಣದ ಡಬ್ಬಗಳ ನಡುವೆ ಗೊರಕೆ ಹೊಡೆಯುತ್ತಿದ್ದ. ಗದ್ದಲಕ್ಕೆ ಎದ್ದು ಇಣುಕಿದಾಗ ಅವನ ಕಣ್ಣಿಗೆ ಬಿದ್ದದ್ದು ಕೆಂದಿಯ ಬಾಲದ ಕಡೆ ಮಾತ್ರ. “ಹುಲ್ಲು ಮೇಯಾಕೆ ಬಂದೈತೆ ಕಣ್ರಲೋ!” ಎಂದು ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಗಲಾಟೆಯಲ್ಲಿ ಪರದೆಯನ್ನು ಸುತ್ತಿಟ್ಟರು. ಬೆಳಗಿನ ಬಸ್ಸಿಗೆ ಹಾಲಸ್ವಾಮಿ ಕೊರಳಿಗೆ ಹಾರ ಹಾಕಿಸಿಕೊಂಡು ತಿಪಟೂರಿಗೆ ಮರಳಿದ. ಕೆಂದಿಯೇ ಅವನ ಕಲೆಯ ಮೊದಲ ವಿಮರ್ಶಕಿ. ಕೊನೆಯವಳೂ ಅವಳೇ.

ಏಕೆಂದರೆ ತಿಪಟೂರು ಅವನನ್ನು ‘ಬೋರ್ಡ್ ಹಾಲಸ್ವಾಮಿ’ ಎಂದೇ ಕರೆಯುತ್ತಿತ್ತು. ಕೊಬ್ಬರಿ ಮಂಡಿಗಳಿಗೆ ಬೋರ್ಡು, ಗೋಣಿಚೀಲಗಳ ಮೇಲೆ ಮಂಡಿಯ ಗುರುತು, ಲಾರಿಗಳ ಹಿಂದೆ ಎರಡು ಕಮಲ: ಇದೇ ಅವನ ಜೀವನ. ಅವನ ಕೃತಿಗಳಲ್ಲಿ ಅತ್ಯಂತ ಹೆಚ್ಚು ಜನ ಓದಿದ್ದು, ಓದಿಯೂ ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಹೋದದ್ದು, ಬಸ್ ನಿಲ್ದಾಣದ ಹಿಂದಿನ ಗೋಡೆಯ ಮೇಲಿನ ‘ಇಲ್ಲಿ ಮೂತ್ರ ಮಾಡಬಾರದು’.

ಹೀಗಿರುವಾಗ, ಬೆಂಗಳೂರಿನ ರೇಡಿಯೋದಿಂದ ಹುಡುಗಿಯೊಬ್ಬಳು ಅವನನ್ನು ಮಾತಾಡಿಸಲು ಬರುತ್ತಾಳೆಂಬ ಸುದ್ದಿ ಬಂತು. ಊರೂರಿನ ಕಲಾವಿದರೊಡನೆ ಮಾತುಕತೆಯಂತೆ. ಈ ವೃತ್ತಿಗೆ ಹೇಗೆ ಬಂದಿರಿ, ನಿಮ್ಮ ನೆಲ ನಿಮ್ಮ ಕಲೆಯೊಳಗೆ ಹೇಗೆ ಬಂತು ಎಂದು ಕೇಳುತ್ತಾರಂತೆ. ಹಾಲಸ್ವಾಮಿ ಅಂದೇ ಒಂದು ಹಲಗೆಯನ್ನು ನುಣುಪು ಮಾಡಿ, ‘ಕಲಾವಿದ ಹಾಲಸ್ವಾಮಿ’ ಎಂದು ನೆರಳು ಕೊಟ್ಟು ಬರೆದು, ಗೋಡೆಗೆ ಮುಖಮಾಡಿ ನಿಲ್ಲಿಸಿದ. ರೇಡಿಯೋದಲ್ಲಿ ಕೇಳಿದ ಮೇಲೆ ಊರಿಗೆ ಬುದ್ಧಿ ಬರುತ್ತದೆ. ಆಗ ಹಲಗೆಯನ್ನು ಬಾಗಿಲ ಮೇಲೆ ಹೊಡೆಯುವುದು ಎಂಬುದು ಅವನ ಲೆಕ್ಕ.

ಮಾತುಕತೆಯ ದಿನ ಬೆಳಗ್ಗೆ ಅವನಿಗೆ ಹೊಸದೊಂದು ಯೋಚನೆ ಹೊಳೆಯಿತು.

“ಗಿರಿಜಾ, ಹಂದನಕೆರೆಗೆ ಹೋಗಿ ಆ ಪರದೆ ತರ್ತೀನಿ ಕಣೇ. ಬರೀ ಬಾಯಿಮಾತಲ್ಲಿ ಹೇಳೋದಕ್ಕಿಂತ ಕಣ್ಣಿಗೆ ತೋರಿಸಿದ್ರೆ ಅದರ ತೂಕವೇ ಬೇರೆ.”

ಹೆಂಡತಿ ಗಿರಿಜಾಂಬಿಕಾ ಒಲೆ ಊದುತ್ತಿದ್ದವಳು ತಲೆಯೆತ್ತಿದಳು. “ರೇಡಿಯೋದಾಗೆ ಪರದೆ ಕಾಣ್ತದೇನ್ರೀ?”

ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತ ಕುಳಿತರೆ ಕಲೆ ಬೆಳೆಯುವುದಿಲ್ಲವೆಂದು ಹಾಲಸ್ವಾಮಿ ಇಸ್ತ್ರಿಯ ಜುಬ್ಬ ತೊಟ್ಟು ಹೊರಟೇಬಿಟ್ಟ. ಬಾಗಿಲಲ್ಲೇ ಪಕ್ಕದ ಮನೆಯ ನಿವೃತ್ತ ಕನ್ನಡ ಪಂಡಿತ ಮರುಳಸಿದ್ದಯ್ಯನವರು ಕೊಡೆ ಹಿಡಿದು ನಿಂತಿದ್ದರು. ನೆರೆಯವನು ರೇಡಿಯೋದಲ್ಲಿ ಅಶುದ್ಧ ಕನ್ನಡ ಮಾತಾಡಿ ಬೀದಿಯ ಮಾನ ಕಳೆದಾನೆಂಬ ಚಿಂತೆ ಅವರದು. ಅವರೂ ಜೊತೆಗೆ ಬಸ್ಸು ಹತ್ತಿದರು; ದಾರಿಯುದ್ದಕ್ಕೂ ಪಾಠ ನಡೆಯಿತು.

“ಯಾಕೆ ಕಲಾವಿದರಾದಿರಿ ಅಂದ್ರೆ ಏನು ಹೇಳ್ತೀಯಪ್ಪಾ?”

“ಅಪ್ಪನ ಕೊಬ್ಬರಿ ವ್ಯಾಪಾರ ನನಗೆ ಹತ್ತಲಿಲ್ಲ, ಅದಕ್ಕೇ ಅಂತೀನಿ ಮೇಷ್ಟ್ರೇ.”

“ಛೀ! ‘ಸೌಂದರ್ಯದ ಕರೆಗೆ ಓಗೊಟ್ಟೆ’ ಅನ್ನು. ಎಲ್ಲಿ, ಹೇಳು ನೋಡೋಣ.”

ಮುಂದಿನ ಸೀಟಿನಲ್ಲಿದ್ದ ಮುದುಕನೊಬ್ಬನಿಗೂ ಆ ವಾಕ್ಯ ಬಾಯಿಪಾಠವಾಯಿತು. ಹಾಲಸ್ವಾಮಿಗೆ ಆಗಲಿಲ್ಲ.

ಹಂದನಕೆರೆಯಲ್ಲಿ ನಾಟಕದ ಪಾರ್ಟಿ ಮುರಿದು ಎಷ್ಟೋ ವರ್ಷವಾಗಿತ್ತು. ಪರದೆ ಹೊಂಬಾಳಮ್ಮನ ಮನೆಯಲ್ಲಿದೆ ಎಂದರು. ಹೋಗಿ ನೋಡಿದರೆ ಅದು ಅಡಿಗೆಮನೆಯ ಅಟ್ಟದ ಮೇಲಿತ್ತು. ಅಟ್ಟದ ಗಳುಗಳ ಸಂದಿಯಿಂದ ತೆಂಗಿನ ನಾರಿನ ಧೂಳು ಮುದ್ದೆಗೆ ಉದುರಬಾರದೆಂದು ಅದನ್ನು ಬಣ್ಣದ ಮೈ ಒಳಗಾಗುವಂತೆ ಮಡಿಸಿ ಹಾಸಿ, ಅದರ ಮೇಲೆ ತೋಟದ ಕಾಯನ್ನೆಲ್ಲ ಹರಡಿದ್ದರು.

ಆ ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯನ್ನು ನಡುವೆ ಮುಟ್ಟುವವರಿಲ್ಲ. ಹೆಚ್ಚುಕಡಮೆ ಒಂದು ವರ್ಷ ಒಲೆಯ ಹೊಗೆ ಕುಡಿದು, ಒಳಗಿನ ನೀರು ಆರಿ, ಕೊಬ್ಬರಿ ತಾನೇ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೂ ಅದು ಬಾಣಂತಿಯ ಕೋಣೆಯಿದ್ದಂತೆ. ಹೊಂಬಾಳಮ್ಮನ ಮಗ ಬೋರಯ್ಯ ಅತಿಥಿಗಳ ಕೋರಿಕೆ ಕೇಳಿ ಹೌಹಾರಿದ.

“ಕಾಯಾಗೆ ಇನ್ನೂ ನೀರೈತೆ ಕಣ್ರೀ! ಈಗ ಅಲ್ಲಾಡ್ಸಿದ್ರೆ ಕೊಬ್ಬರಿ ಕೆಟ್ಟು ಕೌಟಾಯ್ತದೆ. ನಿಮ್ ರೇಡಿಯೋಗೆ ನನ್ ವರ್ಸದ ಅನ್ನ ಕಳೀಲಾ?”

ಆಗ ಒಳಗಿನಿಂದ ಹೊಂಬಾಳಮ್ಮನೇ ಬಂದಳು. ಹಲ್ಲುಗಳಲ್ಲಿ ಅರ್ಧ ಹೋಗಿದ್ದರೂ ಧ್ವನಿ ಪೂರ್ತಿ ಉಳಿದಿತ್ತು.

“ಬುಡ್ಲಾ ಬೋರ, ಮುಟ್ಲಿ. ಆದ್ರೆ ಸ್ವಾಮಣ್ಣ, ಒಂದ್ ಕರಾರು. ರೇಡಿಯೋದಾಗೆ ಮಾತಾಡೋ ಹುಡುಗೀನ ನಾನೂ ನೋಡ್ಬೇಕು. ನನ್ನೂ ಕರ್ಕಂಡ್ ಹೋಗು.”

“ಅದಕ್ಕೇನಂತೆ ಹೊಂಬಾಳಕ್ಕ! ಕೆಂದಿಯ ಒಡತಿ ನೀನು. ನೀನು ಬಂದ್ರೆ ಸಾಕ್ಷಿ ಸಿಕ್ಕಿದಂಗಾಯ್ತು,” ಎಂದು ಹಾಲಸ್ವಾಮಿ ಹಿಗ್ಗಿದ. ತನ್ನ ಆಯುಷ್ಯದಲ್ಲಿ ಅವನು ಅದಕ್ಕಿಂತ ಹೆಚ್ಚು ಉತ್ಸಾಹದಿಂದ ಮತ್ತಾವ ತಪ್ಪನ್ನೂ ಮಾಡಿರಲಿಲ್ಲ.

ಬಳಿಕ ಕಲಾವಿದನೂ ಪಂಡಿತರೂ ಅಟ್ಟ ಹತ್ತಿ, ಕತ್ತಲಲ್ಲಿ ಮಂಡಿಯೂರಿ, ಒಂದೊಂದೇ ಕಾಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು. ಕೆಳಗಿನಿಂದ ಹೊಂಬಾಳಮ್ಮ ಆಜ್ಞಾಪಿಸುತ್ತಿದ್ದಳು.

“ಉಳ್ಳುಸ್ಬ್ಯಾಡ್ರಪ್ಪಾ! ಎಳೇ ಮಗೀನ ಎತ್ತಿದಂಗೆ ಎತ್ರೀ! ಲೇ ಪಂಡಿತಪ್ಪ, ಅದೇನ್ ಚೆಂಡಾ?”

ವ್ಯಾಕರಣದಲ್ಲಿ ಪಳಗಿದ ಕೈಗಳು ಮಸಿಯಲ್ಲಿ ಅದ್ದಿಹೋದವು. ಇಲಿಯೊಂದು ಪಂಡಿತರ ಪಂಚೆಯನ್ನು ಸುರಂಗವೆಂದು ಭಾವಿಸಿ ಪ್ರವೇಶಿಸಿತು. ಅವರು ಆಗ ಕೂಗಿದ್ದು ಶುದ್ಧ ಗ್ರಾಮ್ಯ ಕನ್ನಡದಲ್ಲಿ. ಅಂತೂ ಪರದೆಯನ್ನು ಕತ್ತಲಲ್ಲೇ ಸುತ್ತಿ, ಬೊಂಬಿಗೆ ಬಿಗಿದು ಇಳಿಸಿದರು. ಬಿಚ್ಚಿ ನೋಡಲು ಸಮಯವಿರಲಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಬಸ್ಸಿನ ಟಾಪಿನ ಮೇಲೆ ಪರದೆ, ಒಳಗೆ ಹೊಂಬಾಳಮ್ಮ; ಹಾಲಸ್ವಾಮಿಯ ಬಿಳಿ ಜುಬ್ಬ ಒಲೆಯಿಂದ ಆಗಷ್ಟೇ ಇಳಿಸಿದ ಮಡಕೆಯಂತಿತ್ತು.

ಮನೆ ಮುಟ್ಟುವಾಗ ರೇಡಿಯೋದ ಹುಡುಗಿ ಆಗಲೇ ಬಂದು, ನಡುಮನೆಯ ಚಾಪೆಯ ಮೇಲೆ ಟೇಪ್ ರೆಕಾರ್ಡರ್ ಹೂಡಿಕೊಂಡು, ಗಿರಿಜಾಂಬಿಕಾ ಕೊಟ್ಟ ಕಾಫಿ ಕುಡಿಯುತ್ತಿದ್ದಳು. ಕನ್ನಡಕದ ಹಿಂದೆ ಚುರುಕು ಕಣ್ಣಿನ, ಇಪ್ಪತ್ತೈದು ದಾಟದ ಹುಡುಗಿ. ಗಂಡನ ಅವತಾರವನ್ನು ಕಂಡು ಗಿರಿಜಾಂಬಿಕಾ ಹಣೆ ಚಚ್ಚಿಕೊಂಡಳು. ಹುಡುಗಿ ಮಾತ್ರ ನಕ್ಕು, “ಪರವಾಗಿಲ್ಲ ಸರ್, ರೇಡಿಯೋದಲ್ಲಿ ಬಟ್ಟೆ ಕಾಣಿಸಲ್ಲ,” ಎಂದಳು.

“ಪರದೆ?” ಎಂದು ಪಂಡಿತರು ಕ್ಷೀಣವಾಗಿ ಕೇಳಿದರು.

“ಅದೂ ಕಾಣಿಸಲ್ಲ ಸರ್.”

ಗಿರಿಜಾಂಬಿಕಾ ಅಡಿಗೆಮನೆಗೆ ಹೋಗುತ್ತ ಗಂಡನ ಕಡೆಗೊಮ್ಮೆ ನೋಡಿದಳು ಅಷ್ಟೆ.

ಆದರೂ ತಂದದ್ದು ತಂದಾಯಿತೆಂದು ಸುತ್ತಿದ ಪರದೆಯನ್ನು ತೊಲೆಗೆ ಕಟ್ಟಿ, ಎಳೆಯುವ ಹಗ್ಗವನ್ನು ಹಾಲಸ್ವಾಮಿ ಕೈಯಲ್ಲೇ ಹಿಡಿದು ಕುಳಿತ. ಟೇಪು ತಿರುಗತೊಡಗಿತು.

“ಈ ವೃತ್ತಿಗೆ ಹೇಗೆ ಬಂದಿರಿ ಸರ್?”

ಹಾಲಸ್ವಾಮಿ ಗಂಟಲು ಸರಿಪಡಿಸಿಕೊಂಡ. ಮರುಳಸಿದ್ದಯ್ಯನವರು ಎದುರು ಕುಳಿತು ತುಟಿಯಾಡಿಸುತ್ತ ನೆನಪು ಮಾಡುತ್ತಿದ್ದರು.

“ಸೌಂದರ್ಯ... ಸೌಂದರ್ಯ ಕರೆದಳು. ನಾನು ಹೋದೆ.”

“ಯಾರ್ರೀ ಅವ್ಳು?” ಎಂದು ಅಡಿಗೆಮನೆಯಿಂದ ಗಿರಿಜಾಂಬಿಕಾಳ ಧ್ವನಿ ಸ್ಪಷ್ಟವಾಗಿ ಟೇಪಿನೊಳಗೆ ಸೇರಿತು.

ಪಂಡಿತರು ಕಣ್ಣು ಮುಚ್ಚಿಕೊಂಡರು. ಪಾಠ ಕೈಕೊಟ್ಟ ಮೇಲೆ ಹಾಲಸ್ವಾಮಿಗೆ ತನ್ನ ಸ್ವಂತ ಬಾಯಿ ಬಂತು. ಅಪ್ಪ ಕೊಬ್ಬರಿ ಅಂಗಡಿಯಲ್ಲಿ ಕೂರಿಸಿದ್ದು, ತಾನು ಒಳ್ಳೆಯ ಕೊಬ್ಬರಿಯನ್ನೂ ಕೌಟನ್ನೂ ಒಂದೇ ಚೀಲಕ್ಕೆ ತುಂಬಿದ್ದು, ಚೀಲದ ಮೇಲೆ ಮಾತ್ರ ಗುರುತನ್ನು ಅಂದವಾಗಿ ಬರೆದದ್ದು, ‘ಇವನು ಚೀಲದ ಹೊರಗಡೆಗೇ ಲಾಯಕ್ಕು’ ಎಂದು ಅಪ್ಪ ಅಂಗಡಿಯಿಂದ ಎಬ್ಬಿಸಿದ್ದು ಎಲ್ಲವನ್ನೂ ಹೇಳಿದ. ಹುಡುಗಿಯ ಕಣ್ಣು ಮಿನುಗಿತು.

“ನಿಮ್ಮ ನೆಲ ನಿಮ್ಮ ಚಿತ್ರದೊಳಗೆ ಹೇಗೆ ಬರುತ್ತೆ?”

“ನಾ ಬರೆದ ಯಾವ ಪರದೇಲೂ ಒಂದು ತೆಂಗಿನಮರ ಇದ್ದೇ ಇರ್ತದಮ್ಮ. ಅರಮನೆ ಆಗ್ಲಿ, ಲಂಕೆ ಆಗ್ಲಿ. ಒಂದ್ಸಲ ಕೈಲಾಸದಲ್ಲೂ ಬರೆದುಬಿಟ್ಟೆ. ಹಿಮದಲ್ಲಿ ತೆಂಗಿನಮರ ಎಲ್ಲಿಂದ ಬಂತಯ್ಯಾ ಅಂತ ನಾಟಕದವರು ಜಗಳಕ್ಕೆ ನಿಂತರು. ಅಲ್ರಪ್ಪಾ, ಶಿವನ ಮುಂದೆ ಕಾಯಿ ಒಡೀಬೇಕಾದ್ರೆ ಕೈಲಾಸದೋರು ತಿಪಟೂರು ಸಂತೆಗೆ ಬರ್ತಾರಾ ಅಂದೆ!”

ಹುಡುಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಳು. ಇದೇ ಹದವೆಂದು ತಿಳಿದ ಹಾಲಸ್ವಾಮಿ ಕೆಂದಿಯ ಕತೆ ತೆಗೆದ. ಇಪ್ಪತ್ತೈದು ವರ್ಷ ಉಜ್ಜಿದ ಕತೆ, ಕನ್ನಡಿಯಂತೆ ಹೊಳೆಯಿತು. “ಹಸುವೇ ಮೋಸಹೋದ ಮೇಲೆ ಮನುಷ್ಯರ ಮಾತೇನು ಬಿಡಿ! ಆ ಹುಲ್ಲನ್ನ ನೀವೇ ನೋಡಿ,” ಎಂದು ಹಗ್ಗ ಎಳೆದ.

ಪರದೆ ಸರ್ರನೆ ಇಳಿಯಿತು. ಒಂದು ಬುಟ್ಟಿ ನಾರಿನ ಧೂಳು ಎಲ್ಲರ ತಲೆಯ ಮೇಲೆ ಸುರಿಯಿತು. ಧೂಳು ಅಡಗಿದ ಮೇಲೆ ಕಾಡು ಕಾಣಿಸಿತು. ಮರಗಳಿದ್ದವು. ನಡುವೆ ಒಂದು ತೆಂಗಿನಮರವಿತ್ತು. ಹುಲ್ಲೂ ಇತ್ತು: ಒಂದೆಸಳೂ ಕೊಂಕದೆ, ಕುಂಚವನ್ನು ಈಗ ತಾನೇ ಎತ್ತಿದಂತೆ, ಹಚ್ಚಗೆ ನಳನಳಿಸುತ್ತಿತ್ತು.

ಇಲ್ಲದಿದ್ದದ್ದು ಹುಲಿಯ ಮುಖ. ಮೂಲೆಯಲ್ಲಿ ಒಂದು ಬಾಲ, ಹಿಂದಿನ ಎರಡು ಕಾಲು, ಸ್ವಲ್ಪ ಪಟ್ಟೆ. ಉಳಿದ ಕಡೆಯೆಲ್ಲ ಬೋಳುಬಟ್ಟೆ. ಬಟ್ಟೆಯ ಮೇಲೆ ಅಗಲವಾದ ನಾಲಗೆ ಎಳೆದ ಗೆರೆಗಳು.

ಹುಡುಗಿ ಕನ್ನಡಕದ ಧೂಳು ಒರೆಸಿಕೊಂಡು ಪರದೆಯ ಹತ್ತಿರ ಬಂದು ನೋಡಿದಳು.

“ಸರ್,” ಎಂದಳು ಹುಡುಗಿ ಮೆಲ್ಲಗೆ, “ಹುಲ್ಲು ಹಾಗೇ ಇದೆಯಲ್ಲ? ಹಸು... ಹುಲೀನ ತಿಂದಿದೆ.”

“ಕ್ಷಾತ್ರಗುಣದ ಹಸು!” ಎಂದು ಮರುಳಸಿದ್ದಯ್ಯನವರು ನೆರೆಹೊರೆಯ ಧರ್ಮಕ್ಕಾಗಿ ಒಂದು ಪ್ರಯತ್ನ ಮಾಡಿದರು.

ಹಾಲಸ್ವಾಮಿಯ ಬೆವರು ಮಸಿಯನ್ನು ಕರಗಿಸಿಕೊಂಡು ಗಲ್ಲದ ಮೇಲೆ ಇಳಿಯಿತು. ಆಗ ಅವನಿಗೆ ಒಂದು ದಿವ್ಯ ಸಮಾಧಾನ ಹೊಳೆಯಿತು. ಇದು ರೇಡಿಯೋ! ಹುಲಿಗೆ ಮುಖವಿಲ್ಲದ್ದು ಯಾರಿಗೆ ಕಾಣುತ್ತದೆ? ಬೆಳಗ್ಗೆ ಹೆಂಡತಿ ಆಡಿದ ಮಾತು ಈಗ ಅವನಿಗೆ ವೇದವಾಕ್ಯದಂತೆ ಕೇಳಿಸಿತು. ಅವನು ಹುಡುಗಿಯ ಕಡೆಗೆ ಬಾಗಿ, ಆ ಪ್ರಶ್ನೆಯೊಂದನ್ನು ತೆಗೆದುಬಿಡುವಂತೆ ಕೇಳಬೇಕೆಂದಿದ್ದ.

ಅಷ್ಟರಲ್ಲಿ ಮೂಲೆಯಿಂದ ಹೊಂಬಾಳಮ್ಮ ಕುಲುಕುಲು ನಗತೊಡಗಿದಳು.

“ಅಯ್ಯೋ ಸ್ವಾಮಣ್ಣ! ನಿಂಗೆ ಇಷ್ಟ್ ವರ್ಸ ಗೊತ್ತೇ ಇಲ್ವಾ? ಅವತ್ತು ಬಣ್ಣ ಕಚ್ಲಿ ಅಂತ ಪರದೆಗೆ ಬಳ್ಯಕ್ಕೆ ಹುಣಸೆಬೀಜದ ಅಂಟು ಕಾಯ್ಸಿಕೊಟ್ಟೋಳು ನಾನೇ ಅಲ್ವಾ. ಕೊನೇ ಮೂಲೆಗೆ ಅಂಟು ಸಾಲ್ಲಿಲ್ಲ. ‘ಅಕ್ಕಾ, ಇನ್ನೊಂದ್ ಚೊಂಬು’ ಅಂತ ನೀ ನಿದ್ದೆಗಣ್ಣಾಗೇ ಬಡ್ಕೊಂಡೆ. ಮನ್ಯಾಗೆ ಹುಣಸೆಬೀಜ ಎಲ್ಲೈತೆ? ಕೆಂದಿಗೆ ಅಂತ ರಾಗಿ ಅಂಬಲಿ, ಕೊಬ್ಬರಿ ಹಿಂಡಿ, ಉಪ್ಪು ಹಾಕಿ ಕಲಗಚ್ಚು ಬೇಯ್ಸಿದ್ದೆ. ಅಂಟಂಟಾಗೈತೆ, ಇದೂ ಆಯ್ತದೆ ಅಂತ ಅದ್ನೇ ಬಗ್ಗಿಸ್ಕೊಟ್ಟೆ! ನೀನು ಅದ್ರ ಮ್ಯಾಗೇ ಹುಲಿ ಬರ್ದೆ.”

ಗಿರಿಜಾಂಬಿಕಾ ಅಡಿಗೆಮನೆಯಿಂದ ಹೊರಗೇ ಬಂದು ನಿಂತಳು.

“ಕೆಂದಿ ಪಾಪ ಅವತ್ತು ಉಪವಾಸ ಕಣವ್ವ,” ಎಂದು ಹೊಂಬಾಳಮ್ಮ ಕಣ್ಣೊರೆಸಿಕೊಂಡಳು. “ವಾಸ್ನೆ ಹಿಡ್ಕಂಡ್ ಬಂತು. ಹುಲ್ಲೂ ನೋಡ್ಲಿಲ್ಲ, ಹುಲೀನೂ ನೋಡ್ಲಿಲ್ಲ. ತನ್ ಪಾಲು ಉಂಡ್ಕೊಂಡು ಹೋಯ್ತು!”

ಪಂಡಿತರು ಮುಖಕ್ಕೆ ಕೊಡೆ ಅಡ್ಡ ಹಿಡಿದರು, ಕೊಡೆ ನಡುಗುತ್ತಿತ್ತು. ಹಾಲಸ್ವಾಮಿ ಮುಖವಿಲ್ಲದ ಹುಲಿಯನ್ನೇ ನೋಡುತ್ತ ಕುಳಿತಿದ್ದ. ಹುಲಿಯ ಸ್ಥಿತಿಯೂ ಅವನ ಸ್ಥಿತಿಯೂ ಒಂದೇ ಆಗಿತ್ತು.

ನಗೆ ಅಡಗಿದ ಮೇಲೆ, ಅಲ್ಲಿಯವರೆಗೆ ಯಾರೂ ಗಮನಿಸದಿದ್ದ ಟಪ್ ಟಪ್ ಎಂಬ ಸದ್ದು ಕೇಳಿಸಿತು. ಹುಡುಗಿ ಯಂತ್ರದ ಕಡೆ ತಿರುಗಿ, “ಅಯ್ಯೋ, ಟೇಪು ಮುಗಿದುಹೋಗಿದೆ! ಪರದೆ ಇಳಿಸಿದ ಮೇಲಿನ ಒಂದು ಮಾತೂ ಬಂದಿಲ್ಲ,” ಎಂದು ಕೈ ಹಿಸುಕಿಕೊಂಡಳು.

ಹಾಲಸ್ವಾಮಿಗೆ ಹೋದ ಪ್ರಾಣ ಮರಳಿತು. ಮನಸ್ಸಿನಲ್ಲೇ ಮನೆದೇವರಿಗೆ ಕಾಯಿ ಹರಕೆ ಹೊತ್ತ. ಅವನ ಕತೆ ಟೇಪಿನೊಳಗೆ ಭದ್ರವಾಗಿತ್ತು. ಕಲಗಚ್ಚು ಗಾಳಿಯಲ್ಲಿ ಹೋಗಿತ್ತು. ಗೋಡೆಗೆ ಮುಖಮಾಡಿ ನಿಂತಿದ್ದ ಹಲಗೆಯ ಕಡೆಗೆ ಅವನ ಕಣ್ಣು ಹರಿಯಿತು. ನಾಲ್ಕು ಮೊಳೆ ತರಿಸಿದರಾಯಿತು.

ಹುಡುಗಿ ಚೀಲದಿಂದ ಹೊಸ ಸುರುಳಿ ತೆಗೆದು, ಏರಿಸಿ, ಗುಂಡಿ ಒತ್ತಿದಳು. ಹಾಲಸ್ವಾಮಿ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, “ನಯಾಪೈಸೆ ಬಂದ ವರ್ಷ...” ಎಂದು ಆರಂಭಿಸಿದ.

ಮೈಕು ಅವನ ಮೂಗಿನ ಮುಂದಿನಿಂದ ಹಾಗೆಯೇ ದಾಟಿಹೋಗಿ ಮೂಲೆಯಲ್ಲಿ ನಿಂತಿತು.

“ಅಜ್ಜೀ,” ಎಂದಳು ಹುಡುಗಿ, “ಆ ಕೆಂದಿಯ ಕತೆ ಇನ್ನೊಂದು ಸಲ ಹೇಳ್ತೀರಾ? ಮೊದಲಿಂದ, ನಿಧಾನವಾಗಿ?”