ಹಳದಿ ಎಂ ಅಕ್ಷರ

ರುದ್ರೇಶ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲಿಟ್ಟು ಕ್ರಿಕೆಟ್ ಸ್ಕೋರ್ ನೋಡಲು ಹೋದದ್ದೇ ಎಲ್ಲಕ್ಕೂ ಮೂಲ. ತಿರುಗಿ ಬರುವಷ್ಟರಲ್ಲಿ ಇದ್ದೊಂದು ಒಳ್ಳೆಯ ಅಂಗಿಯ ಬೆನ್ನಿನಲ್ಲಿ ಕಿಟಕಿ ತೆರೆದಿತ್ತು. ಉಳಿದ ಬಟ್ಟೆಯೆಲ್ಲ ವಾಷಿಂಗ್ ಮಷೀನಿನಲ್ಲಿ ತಿರುಗುತ್ತಿತ್ತು. ಹೆಂಡತಿ ಸೌಜನ್ಯಾ ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿಯಿಂದ ತಂದಿಟ್ಟಿದ್ದ ನೀಲಿ ಸ್ವೆಟ್‌ಶರ್ಟನ್ನೇ ಏರಿಸಿಕೊಂಡು ಹೊರಟ. ಎದೆಯ ತುಂಬ ಹಳದಿ ಬಣ್ಣದ ದೊಡ್ಡ ಎಂ ಅಕ್ಷರ.

ಲಂಡನ್ನಿನ ಗ್ರೀನ್‌ಫರ್ಡಿನಿಂದ ಸ್ಟ್ಯಾನ್ಮೋರಿನವರೆಗೂ ಸೌಜನ್ಯಾ ಒಂದೇ ಪಾಠ ಹೇಳಿದಳು. ಪರಿಚಯದ ಭಾರ್ಗವನ ಮನೆಯ ಊಟ ನೆಪ, ಅವನ ಕಂಪನಿಯ ಕೆಲಸ ಮುಖ್ಯ. ಈಗಿರುವ ಕೆಲಸ ಸದ್ಯದಲ್ಲೇ ಮುಗಿಯುತ್ತದೆ, ಅದರ ಬೆನ್ನಿಗೇ ವೀಸಾ. ಭಾರ್ಗವನ ಮೇಲಧಿಕಾರಿ ವೇದವತಿಯವರೂ ಬರುತ್ತಾರೆ. ಬಾಯಿ ಮುಚ್ಚಿಕೊಂಡು ನಗುತ್ತಿದ್ದರೆ ಸಾಕು.

ಬಾಗಿಲು ತೆರೆದ ಭಾರ್ಗವ ರುದ್ರೇಶನ ಮುಖ ನೋಡಲಿಲ್ಲ, ಎದೆ ನೋಡಿದ. ಮಡಿ ಅಡುಗೆಮನೆಗೆ ನಾಯಿ ನುಗ್ಗಿದಾಗಿನ ಮುಖವಾಯಿತು ಅವನದು. ಬೆಂಗಳೂರಿನವನಾದ ಅವನು ಓದಿದ್ದು ಅಮೆರಿಕದ ಒಹಾಯೊದಲ್ಲಿ. ಅಲ್ಲಿಯವರಿಗೆ ಉತ್ತರಕ್ಕಿರುವ ಪಕ್ಕದ ರಾಜ್ಯ ಮಿಷಿಗನ್ ಎಂದರೆ ಆಗದು. ನೀಲಿಯ ಮೇಲಿನ ಹಳದಿ ಎಂ ಅಲ್ಲಿನ ವಿಶ್ವವಿದ್ಯಾಲಯದ ಗುರುತು. ಫುಟ್ಬಾಲ್ ಪಂದ್ಯದ ವಾರ ಕ್ಯಾಂಪಸ್ಸಿನ ಬೋರ್ಡುಗಳ ಮೇಲಿನ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪು ಹಚ್ಚುತ್ತಾರೆ. ಲಂಡನ್ನಿಗೆ ಬಂದು ವರ್ಷಗಳಾದರೂ ಭಾರ್ಗವ ಆ ಹೆಸರನ್ನು ಬಾಯಲ್ಲಿ ತರುತ್ತಿರಲಿಲ್ಲ. ‘ಆ ಉತ್ತರದವರು’ ಎನ್ನುತ್ತಿದ್ದ.

ಅಷ್ಟರಲ್ಲಿ ಸೋಫಾದಿಂದ ಇನ್ನೊಬ್ಬ ಅತಿಥಿ ಅಭಿಜಿತ್ ‘ಗೋ ಬ್ಲೂ’ ಎಂದು ಕೂಗುತ್ತ ಓಡಿಬಂದ. ಹೋಗು ಅನ್ನುತ್ತಿದ್ದಾನೆಂದು ರುದ್ರೇಶ ಬಿಟ್ಟ ಬೂಟು ಮತ್ತೆ ಹುಡುಕತೊಡಗಿದ. ಅದು ಮಿಷಿಗನ್‌ನವರ ಘೋಷಣೆಯಂತೆ, ಅಭಿಜಿತ್ ಅಲ್ಲಿ ಓದಿದವನಂತೆ. ಜಾತ್ರೆಯಲ್ಲಿ ಕಳೆದುಹೋದ ತಮ್ಮ ಸಿಕ್ಕಂತೆ ರುದ್ರೇಶನನ್ನು ತಬ್ಬಿಕೊಂಡ.

ಭಾರ್ಗವನಿಗೂ ಅಭಿಜಿತನಿಗೂ ಬಾಗಿಲಲ್ಲೇ ಶುರುವಾದ ಜಗಳ ಊಟಕ್ಕೆ ಕೂತರೂ ನಿಲ್ಲಲಿಲ್ಲ. ಒಹಾಯೊದವರು ಚೆಂಡು ಬಿಟ್ಟು ಪುಸ್ತಕ ಮುಟ್ಟಿದವರಲ್ಲ ಎಂದ ಅಭಿಜಿತ್. ಉತ್ತರದವರಿಗೆ ಬುದ್ಧಿ ಕಡಿಮೆ, ಜಂಬ ಜಾಸ್ತಿ, ಹಾರ್ವರ್ಡಿನಲ್ಲಿ ಸೀಟು ಸಿಗದ ಹೊಟ್ಟೆಯುರಿ ಬೇರೆ ಎಂದ ಭಾರ್ಗವ. ನಿಜವಾಗಿ ಹಾರ್ವರ್ಡಿನಲ್ಲಿ ಓದಿದ್ದ ಮತ್ತೊಬ್ಬ ಅತಿಥಿ ಬೃಂದಾ, ಯಾರೂ ಕೇಳದಿದ್ದರೂ, ಆ ಹೆಸರೆತ್ತದೆ ತಾನು ‘ಬಾಸ್ಟನ್ ಹತ್ತಿರ ಎಲ್ಲೋ’ ಓದಿದ್ದಾಗಿ ಮತ್ತೆ ಮತ್ತೆ ಹೇಳಿದಳು. ವಿಜಯಪುರದ ರುದ್ರೇಶನ ಕಿವಿಗೆ ಬಿದ್ದದ್ದು ‘ಉತ್ತರದವರು’ ಒಂದೇ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಪಾಯಸದ ಹೊತ್ತಿಗೆ ಭಾರ್ಗವ ತನ್ನ ಒಹಾಯೊ ಕಾಲೇಜಿನ ಕೆಂಪು ಟೀ ಶರ್ಟ್ ತಂದುಕೊಟ್ಟು, ಇದನ್ನು ಹಾಕಿಕೊಂಡು ಬಾ, ಆಮೇಲೆ ಕೆಲಸದ ಮಾತಾಡೋಣ ಎಂದ. ಸೌಜನ್ಯಾ ಕಣ್ಣಲ್ಲೇ ಕೈಮುಗಿದಳು. ರುದ್ರೇಶ ಎದ್ದು ನಿಂತ.

‘ತಗಿಯಂಗಿಲ್ರಿ. ಉತ್ತರದವರು, ಉತ್ತರದವರು ಅಂತ ಬಾಳ ಹೊತ್ತಿನಿಂದ ಕೇಳಾಕತ್ತೀನಿ. ಹೌದು, ನಾ ಉತ್ತರ ಕರ್ನಾಟಕದಾವ, ಓದಿದ್ದು ಹುಬ್ಬಳ್ಯಾಗ. ನಿಮ್ಮ ಕೆಲಸದ ಸಲುವಾಗಿ ಮತ್ತೊಬ್ಬರ ಕಾಲೇಜಿನ ಅಂಗಿ ನಾ ಹಾಕ್ಕೊಳ್ಳಂಗಿಲ್ಲ.’

ಮೈಮೇಲಿರುವುದೂ ಮತ್ತೊಬ್ಬರದೇ ಎಂಬುದು ಆ ಆವೇಶದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೇಜಿನ ತುದಿಯಲ್ಲಿ ಕೂತಿದ್ದ ಮೇಲಧಿಕಾರಿ ವೇದವತಿ ಚಮಚ ಕೆಳಗಿಟ್ಟರು. ಬಗ್ಗದ ಇಂಥ ಒಬ್ಬ ಮನುಷ್ಯ ತಮ್ಮ ಟೀಮಿಗೆ ಬೇಕಿತ್ತು ಎಂದು ಅಚ್ಚುಕಟ್ಟಾದ ಬೆಂಗಳೂರು ಕನ್ನಡದಲ್ಲಿ ಹೇಳಿ, ನಾಳೆಯೇ ಇವರನ್ನು ಆಫೀಸಿಗೆ ಕರೆಸಿ ಎಂದರು. ಭಾರ್ಗವ ತಲೆ ಆಡಿಸಿದ. ಸೌಜನ್ಯಾಳಿಗೆ ಹೋದ ಜೀವ ಬಂತು.

ಹುಬ್ಬಳ್ಳಿಯಲ್ಲಿ ಯಾವ ಕಾಲೇಜು ಎಂದು ವೇದವತಿ ಮಾತಿಗೆ ಕೇಳಿದರು. ಕೆರೆ ದಂಡೆಯ ಇಂಜಿನಿಯರಿಂಗ್ ಕಾಲೇಜು ಎಂದ ರುದ್ರೇಶ, ಹೆಮ್ಮೆಯಿಂದ.

ವೇದವತಿಯವರ ನಗು ಆರಿತು. ಹಳೆ ಗೋಡೆಯ ಸುಣ್ಣದಂತೆ ಬೆಂಗಳೂರು ಕನ್ನಡ ಉದುರಿ, ಒಳಗಿನ ಧಾರವಾಡ ಕಾಣಿಸಿತು.

‘ನಾ ಧಾರವಾಡದ ಗುಡ್ಡದ ಕಾಲೇಜಿನಾಕಿ. ನಮ್ಮ ಗ್ಯಾದರಿಂಗ್ ದಿನ ಸ್ಟೇಜ್ ಮ್ಯಾಲೆ ಎಮ್ಮಿ ಹತ್ತಿಸಿದವರು ನೀವ ಏನು? ನಾ ಅವಾಗ ಭರತನಾಟ್ಯ ಮಾಡ್ಲಿಕತ್ತಿದ್ದೆ.’

ಮೇಜಿನ ಕೆಳಗೆ ಸೌಜನ್ಯಾ ಗಂಡನ ಕಾಲು ತುಳಿದಳು. ಅಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಕೆಲಸವಿತ್ತು, ವೀಸಾ ಇತ್ತು. ರುದ್ರೇಶ ಒಂದು ಗಳಿಗೆ ಯೋಚಿಸಿ ಎದೆ ಸೆಟೆಸಿದ.

‘ಒಂದಲ್ರಿ, ಎರಡು ತಂದಿದ್ವಿ,’ ಎಂದ. ‘ಇನ್ನೊಂದು ಮೆಟ್ಲ ಹತ್ತಲಿಲ್ಲ.’